ತೊಟ್ಟಿಲ ಸಭೆ

ಫಸಲಿ ೧೩೩೯ರಲ್ಲಿ, ಅಂದರೆ ಇಂಗ್ಲಿಷರ ಲೆಕ್ಕದ ೧೯೩೦ರ ಸುಮಾರಿಗೆ, ನಿಜಾಮ ಸರ್ಕಾರದ ರೀತಿನೀತಿಗಳನ್ನು ನನ್ನಷ್ಟು ಆಳವಾಗಿ ಬಲ್ಲವನು ಕಲಬುರ್ಗಿಯಿಂದ ಹೈದರಾಬಾದಿನವರೆಗೆ ಇನ್ನೊಬ್ಬನಿರಲಿಲ್ಲ. ಇದ್ದಿದ್ದರೆ ನನ್ನ ಹತ್ತಿರ ಬಂದು ಸೋಲೊಪ್ಪಿ ಹೋಗಿರುತ್ತಿದ್ದ. ಗಾಜಿಪುರದ ನಮ್ಮ ಮನೆಯ ಅಟ್ಟದ ಮೇಲೆ ನಾನು ಪೇರಿಸಿಟ್ಟ ಪತ್ರಿಕೆಗಳ ಭಾರಕ್ಕೆ ತೊಲೆಗಳು ಬಾಗಿ, ಕೆಳಗೆ ನಮ್ಮಪ್ಪ ತಲೆ ತಗ್ಗಿಸಿಕೊಂಡೇ ಊಟಕ್ಕೆ ಕೂರಬೇಕಾಗಿತ್ತು. ಮುಂಬಯಿ ಮೇಲ್ ರೈಲು ಸ್ಟೇಷನ್ನಿಗೆ ಬಂದು ನಿಂತರೆ ನಾನು ಒಂದು ತುದಿಯಿಂದ ಹತ್ತಿ, ಪ್ರಯಾಣಿಕರು ಓದಿ ಬಿಸಾಕಿದ ಪತ್ರಿಕೆಗಳನ್ನೆಲ್ಲ ಬಾಚಿಕೊಂಡು ಇನ್ನೊಂದು ತುದಿಯಿಂದ ಇಳಿಯುತ್ತಿದ್ದೆ. ನಾನು ಇಳಿಯುವವರೆಗೆ ಗಾರ್ಡು ಹಸಿರು ನಿಶಾನೆ ಬೀಸುತ್ತಿರಲಿಲ್ಲ. ಇದನ್ನು ಸಂಶೋಧನೆ ಎನ್ನದೆ ಇನ್ನೇನು ಎನ್ನಬೇಕು?

ಆ ವರ್ಷ ನನ್ನ ಸಂಶೋಧನೆಯ ವಿಷಯ ಖಾಸಗಿ ಶಾಲೆಗಳದ್ದು. ಸರ್ಕಾರದ ಅಪ್ಪಣೆಯಿಲ್ಲದೆ ಯಾರೂ ಶಾಲೆ ತೆರೆಯುವಂತಿಲ್ಲ. ಅಪ್ಪಣೆ ಬೇಕೆಂದು ಕೊಟ್ಟ ಅರ್ಜಿ ಹಳ್ಳಿಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಹೈದರಾಬಾದಿಗೆ ನಡೆದು ಹೋಗಿ, ಅಲ್ಲಿ ಒಂದು ನಿದ್ದೆ ತೆಗೆದು, ಅದೇ ದಾರಿಯಲ್ಲಿ ಹಿಂದೆ ಬರಬೇಕು. ಅಷ್ಟರಲ್ಲಿ ಅಕ್ಷರ ಕಲಿಯಬೇಕಾದ ಹುಡುಗನಿಗೆ ಮೀಸೆ ಬಂದಿರುತ್ತದೆ, ಹುಡುಗಿ ಗಂಡನ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಾಳೆ. ಹೋಗಲಿ, ಇದರ ವಿರುದ್ಧ ನಾಲ್ಕು ಜನ ಸೇರಿ ಮಾತಾಡೋಣವೆಂದರೆ ಸಭೆ ಕೂಡಿಸುವುದಕ್ಕೂ ಅಪ್ಪಣೆ ಬೇಕು. ಆ ಅರ್ಜಿಯೂ ಮೊದಲಿನ ಅರ್ಜಿಯ ಬೆನ್ನು ಹತ್ತಿ ನಡೆಯುತ್ತದೆ. ನಾನು ಈ ಸಂಗತಿಯನ್ನು ಕಪಡಾ ಬಜಾರಿನ ಚಹಾದ ಅಂಗಡಿಯಲ್ಲಿ ವಿವರಿಸಿದಾಗ ಕೇಳುವವರು ಎಷ್ಟು ಮೈಮರೆತರೆಂದರೆ, ಅಂಗಡಿಯವನು ಒಲೆ ಆರಿದ್ದನ್ನೂ ನೋಡಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಕಮಲಾಪುರದಿಂದ ಬಾಳೆಹಣ್ಣಿನ ಬಂಡಿಯಲ್ಲಿ ಕೂತು ಶಾರದಕ್ಕ ಬಂದಳು.

ಶಾರದಾಬಾಯಿ ನನ್ನ ಚಿಕ್ಕಮ್ಮನ ಮಗಳು, ನನಗಿಂತ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಸೊಲ್ಲಾಪುರಕ್ಕೆ ಹೋಗಿ ಮಾಸ್ತರಿಕೆ ಕಲಿತು ಬಂದು, ಕಮಲಾಪುರದ ಬಾಳೆತೋಟದ ಭಾಗಮ್ಮನ ಮನೆಯ ಪಡಸಾಲೆಯಲ್ಲಿ ಹುಡುಗಿಯರಿಗೆ ಕನ್ನಡ ಕಲಿಸುತ್ತಿದ್ದಳು. ಅಪ್ಪಣೆಯ ಅರ್ಜಿ ಕೊಟ್ಟಿದ್ದಳು. ಅದು ಇನ್ನೂ ನಡೆಯುತ್ತಲೇ ಇತ್ತು.

“ಅಣವೀರ, ಸಾಲಿ ಮುಚ್ಚಸ್ಲಾಕ ಬರ್ಲಾಕತ್ತಾರ,” ಎಂದಳು, ನೀರನ್ನೂ ಕುಡಿಯದೆ.

“ಯಾರು?”

“ತಾಲೀಮ ಖಾತೆದವರು, ಸಾಲಿ ತಪಾಸ ಮಾಡೋರು. ಬುರ್ಹಾನುದ್ದೀನ್ ಸಾಹೇಬರಂತ. ಬರೋ ಸೋಮವಾರ ಬಂದು ನೋಡತಾರ, ಅವತ್ತೇ ಬೀಗ ಹಾಕಸ್ತಾರ. ಹುಡುಗೂರು ಈಗೀಗ ಕೂಡಿಸಿ ಓದ್ಲಾಕತ್ತಾವ. ಈಗ ಬಿಟ್ರ ಮತ್ತ ಪಾಟಿ ಹಿಡಿಯಂಗಿಲ್ಲ ಅವು. ನನಗೂ ಅದರ ಹೊರ್ತು ಬ್ಯಾರೆ ಏನದ ಹೇಳು.”

ಇದನ್ನು ಹೇಳುವಾಗ ಅವಳು ನನ್ನನ್ನು ನೋಡಲಿಲ್ಲ, ಅಟ್ಟದ ಬಾಗಿದ ತೊಲೆಯನ್ನು ನೋಡುತ್ತಿದ್ದಳು.

“ಇಷ್ಟೇನಾ?” ಎಂದೆ ನಾನು. “ನಾ ಇರತನ ಹೈದರಾಬಾದಿನ ಯಾವ ಬೀಗಾನೂ ಕಮಲಾಪುರದ ಬಾಗಲಕ್ಕ ಹತ್ತಂಗಿಲ್ಲ.”

“ನಿನ್ನ ಬಾಯಿಗೊಂದು ಬೀಗ ಸಿಕ್ಕಿದ್ರ ಮೊದಲು ಅದನ್ನ ಹಾಕಸ್ತಿದ್ದೆ,” ಎಂದಳು ಅಕ್ಕ. ಆದರೂ ನನ್ನ ಉಪಾಯವನ್ನು ಕೇಳಿದಳು.

ಉಪಾಯ ನನಗೆ ಅವಳು ಒಂದು ಲೋಟ ನೀರು ಕುಡಿದು ಮುಗಿಸುವುದರೊಳಗೆ ಹೊಳೆದಿತ್ತು. ಸಾಹೇಬರು ಬರುವ ಹೊತ್ತಿಗೆ ಇಡೀ ಊರು ಆ ಪಡಸಾಲೆಯಲ್ಲಿ ಕೂತಿರಬೇಕು. ಇಷ್ಟು ತಾಯಂದಿರು ಶಾಲೆ ಬೇಕು ಅನ್ನುವುದನ್ನು ಕಣ್ಣಾರೆ ಕಂಡು ಯಾವ ಸಾಹೇಬರು ಬೀಗ ಹಾಕಿಸುತ್ತಾರೆ? ಆದರೆ ಊರು ಕೂಡಿದರೆ ಅದು ಸಭೆ, ಅಪ್ಪಣೆಯಿಲ್ಲದ ಸಭೆ ಅಪರಾಧ. ಸರಿ, ಯಾವ ಕೂಟಕ್ಕೆ ಅಪ್ಪಣೆ ಬೇಡ? ಮದುವೆಗೆ ಬೇಡ. ಆದರೆ ಸೋಮವಾರದೊಳಗೆ ಒಂದು ಮದುವೆ ಕುದುರಿಸುವುದು ನನ್ನಂಥವನಿಗೂ ಸ್ವಲ್ಪ ಕಷ್ಟ. ಸಾವಿಗೆ ಬೇಡ. ಅದಕ್ಕೆ ಯಾರೂ ಒಪ್ಪಲಿಕ್ಕಿಲ್ಲ. ತೊಟ್ಟಿಲಿಗೆ ಬೇಡ.

“ತೊಟ್ಟಲ ಕಾರ್ಯ ಇಡೋಣು,” ಎಂದೆ. “ಹೆಣ್ಮಕ್ಕಳೆಲ್ಲ ಬರತಾರ. ಜೋಗುಳದ ನಡುವ ನಾ ಸರ್ಕಾರದ ನೀತಿ ಮ್ಯಾಲ ಎರಡು ಮಾತು ಹೇಳ್ತೀನಿ.”

ಅವತ್ತೇ ಬಾಳೆಹಣ್ಣಿನ ಖಾಲಿ ಬಂಡಿಯಲ್ಲಿ ನಾವು ಹೊರಟೆವು. ಆ ಎತ್ತುಗಳು ಕುದುರೆಗಳನ್ನು ನಾಚಿಸುವಂತೆ ಓಡಿದವು. ದಾರಿಯುದ್ದಕ್ಕೂ ನಾನು ಮಾಡಿದ ಭಾಷಣವನ್ನು ಕೇಳಲಾರದೆ ಓಡಿದವು ಎಂದು ಅಕ್ಕ ಹೇಳುತ್ತಾಳೆ. ಅದು ಅವಳ ಅಭಿಪ್ರಾಯ.

ಭಾಗಮ್ಮನ ತೋಟದ ಕೆಂಪು ಬಾಳೆಹಣ್ಣು ಒಂದೊಂದು ನನ್ನ ತೋಳಿನಷ್ಟು ದಪ್ಪ. ಅವಳ ದನಿ ಅದಕ್ಕಿಂತ ದಪ್ಪ. ನಾನು ಉಪಾಯ ಹೇಳಿದೆ. ಅವಳು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಕೇಳಿದಳು.

“ತೊಟ್ಟಲ ಅದ. ಗುಗ್ಗರಿ ಕುದಸ್ತೀನಿ. ಕೂಸ ಎಲ್ಲಿಂದ ತರಲಿ?”

“ನಿಮ್ಮ ಮನ್ಯಾಗ ಯಾವದರೆ ಸಣ್ಣದು ಇರಬೇಕಲ್ಲ, ಭಾಗಮ್ಮವ್ವ.”

“ಸಣ್ಣದಂದ್ರ ನಮ್ಮ ಮೊಮ್ಮಗಳು ಮಲ್ಕಿ ಅದಾಳ. ಅಡ್ಡಾಡ್ತಾಳ, ಕಟಕ ರೊಟ್ಟಿ ಕಡದು ತಿಂತಾಳ, ಎದುರು ನಿಂತವರಿಗಿ ಬೈತಾಳ.”

“ನಡೀತದ,” ಎಂದೆ.

ಭಾಗಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇಂವಗ ಲಗ್ನ ಆಗಿಲ್ಲೇನ್ ಶಾರದಾಬಾಯಿ?”

ನನಗೆ ಆಗ ಮದುವೆಯಾಗಿರಲಿಲ್ಲ, ಅದು ನಿಜ. ಹುಟ್ಟಿದ ಹನ್ನೆರಡೋ ಹದಿಮೂರೋ ದಿನಕ್ಕೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ ಎಂಬುದು ಯಾವ ಪತ್ರಿಕೆಯಲ್ಲೂ ಅಚ್ಚಾಗಿರಲಿಲ್ಲ. ದೇಶದ ರಾಜಕಾರಣ ಹೊತ್ತವನು ತೊಟ್ಟಿಲ ಲೆಕ್ಕವನ್ನೂ ಹೊರಬೇಕೆಂದರೆ ಹೇಗೆ? ಬೇರೆ ಎಳೆಕೂಸು ಹುಡುಕುವುದಕ್ಕೆ ಹೊತ್ತೂ ಇರಲಿಲ್ಲ. ಮಲ್ಕಿಯೇ ಆಗಲಿ ಎಂದಾಯಿತು.

ಮಾತು ಮುಗಿಸಿ ಏಳುವ ಮುಂಚೆ ಭಾಗಮ್ಮ ದನಿ ತಗ್ಗಿಸಿ ಅಕ್ಕನಿಗೆ ಇನ್ನೊಂದು ಮಾತು ಹೇಳಿದಳು. “ನೋಡವಾ, ನೀ ಮಾತ್ರ ಒಳಗ ಒಲಿ ಕಡಿ ಕುಂಡ್ರು. ತೊಟ್ಟಲ ಮುಂದ ಬರಬ್ಯಾಡ. ಜನಾ ಏನರೆ ಅಂತಾರ.”

ಗಂಡನಿಲ್ಲದವಳು ತೊಟ್ಟಿಲು ಮುಟ್ಟಬಾರದು ಎಂಬ ಮಾತು ಅದು. ತನ್ನ ಶಾಲೆ ಉಳಿಸಲು ನಡೆಯುವ ಕಾರ್ಯದಲ್ಲಿ ತಾನೇ ಮರೆಯಲ್ಲಿ ಕೂರಬೇಕು. “ಆಯ್ತ್ರಿ,” ಎಂದಳು ಅಕ್ಕ. ಅಷ್ಟೇ.

ಸೋಮವಾರ ಬೆಳಗ್ಗೆ ಕಮಲಾಪುರದಲ್ಲಿ ಒಲೆ ಹೊತ್ತಿಸಲು ಒಬ್ಬ ಹೆಂಗಸೂ ಮನೆಯಲ್ಲಿರಲಿಲ್ಲ. ಪಡಸಾಲೆ ತುಂಬಿ, ಅಂಗಳ ತುಂಬಿ, ಕಟ್ಟೆ ತುಂಬಿ, ಉಳಿದವರು ಕಿಟಕಿಯ ಸರಳಿಗೆ ಜೋತುಬಿದ್ದಿದ್ದರು. ಗಂಡಸರು ಬೇವಿನ ಮರದ ಕೆಳಗೆ ಕೂತು, ತಮಗೇನೂ ಗೊತ್ತಿಲ್ಲದವರಂತೆ ಬೀಡಿ ಸೇದುತ್ತಿದ್ದರು. ತೊಲೆಗೆ ಕಟ್ಟಿದ ತೊಟ್ಟಿಲಿಗೆ ಹೂ ಸುತ್ತಿದ್ದರು. ಒಳಗೆ ಮಲ್ಕಿ ಹಸಿರು ಕುಲಾಯಿ ಹಾಕಿಕೊಂಡು, ಎರಡೂ ಅಂಚು ಹಿಡಿದು ಎದ್ದು ನಿಂತು, ಬಂದವರನ್ನೆಲ್ಲ ಎಣಿಸುವ ಅಮಲ್ದಾರನಂತೆ ನೋಡುತ್ತಿದ್ದಳು. ಭಾಗಮ್ಮ ಅವಳನ್ನು ಮಲಗಿಸುವುದು, ಅವಳು ಎದ್ದು ನಿಲ್ಲುವುದು, ಹೀಗೆ ನಡೆದಿತ್ತು. ಕೊನೆಗೆ ಕೈಗೊಂದು ಬಾಳೆಹಣ್ಣು ಕೊಟ್ಟ ಮೇಲೆ ಮಲಗಿದಳು.

ಬುರ್ಹಾನುದ್ದೀನ್ ಸಾಹೇಬರ ಟಾಂಗಾ ಬಂತು. ನಾನು ಹುಲಿಯನ್ನು ನಿರೀಕ್ಷಿಸಿದ್ದೆ. ಇಳಿದವರು ಸಣ್ಣ ಮೈಯ, ಬೆಳ್ಳಿ ಚಾಳೀಸಿನ, ಶೇರವಾನಿಗೆ ಧೂಳು ಹತ್ತಿದ ಮುದುಕರು. ನೆರೆದ ಜನರನ್ನು ಕಂಡು ಬಾಗಿಲಲ್ಲೇ ನಿಂತರು.

“ಇದು ಏನು, ಜಲ್ಸಾ, ಸಭಾ ನಡಸ್ಲಾಕತ್ತೀರಿ? ಇಜಾಜತ್ ಅದ ಏನು, ಅಪ್ಪಣೆ?”

“ತೊಟ್ಟಲ ಕಾರ್ಯ ಅದರಿ ಸಾಹೇಬ್ರ,” ಎಂದಳು ಭಾಗಮ್ಮ. “ಪುಣ್ಯೇದ ದಿವಸ ಬಂದೀರಿ. ಕೂಡ್ರಿ, ಗುಗ್ಗರಿ ತಿನ್ರಿ.”

ಸಾಹೇಬರು ಕುರ್ಚಿಯಲ್ಲಿ ಕೂತರು. ಕೈಗೆ ಗುಗ್ಗರಿ, ಕೊಬ್ಬರಿ ಬಂತು. ಬೀಗದ ಮಾತು ತೆಗೆಯಲು ಅವರಿಗೆ ಸ್ವಲ್ಪ ಮುಜುಗರವಾದದ್ದನ್ನು ಕಂಡು, ನಾನು ಇದೇ ಮುಹೂರ್ತವೆಂದು ತೊಟ್ಟಿಲ ಪಕ್ಕಕ್ಕೆ ಹೋದೆ.

ನಮ್ಮ ಕಡೆ ಹೆಸರಿಡುವ ಪದ್ಧತಿಯೇ ಒಂದು ತಮಾಷೆ. ಕೂಸಿನ ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ, ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳುತ್ತಾಳೆ. ಅವಳು ಬಾಗಿದ ಕೂಡಲೇ ಉಳಿದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಹಳೆಯ ಸಿಟ್ಟೆಲ್ಲ ಆ ಒಂದು ದಿನ ತೀರುತ್ತದೆ, ಯಾರೂ ಬೇಸರ ಮಾಡಿಕೊಳ್ಳುವಂತಿಲ್ಲ.

“ಇದರ ಸೋದರತ್ತಿ ಆಳಂದದಾಗ ಅದಾಳ, ಬರ್ಲಾಕ ಆಗಿಲ್ಲ,” ಎಂದು ಸಾರಿದೆ. “ಆಕಿ ಬದಲಿ ನಾ ಹೇಳ್ತೀನಿ.”

ಗಂಡಸು ಸೋದರತ್ತೆಯಾಗುವುದನ್ನು ಕಮಲಾಪುರ ಹಿಂದೆ ಕಂಡಿರಲಿಲ್ಲ. ಹೆಂಗಸರು ಬಳೆ ಮೇಲಕ್ಕೆ ಸರಿಸಿಕೊಂಡು ಹತ್ತಿರ ಬಂದರು. ನಾನು ಬಾಗಿದೆ. ಮಲ್ಕಿ ಬಾಳೆಹಣ್ಣಿನ ಕೈಯಿಂದ ನನ್ನ ಮೂಗು ಹಿಡಿದಳು. ನಾನು ಕಿವಿಯಲ್ಲಿ ಹೇಳಲಿಲ್ಲ, ಬೇವಿನ ಮರದವರಿಗೂ ಕೇಳುವಂತೆ ಹೇಳಿದೆ.

“ಕೇಳವ್ವಾ ಕೂಸೇ. ನಮ್ಮ ಸರ್ಕಾರ ಒಂದು ದೊಡ್ಡ ಕೆಲಸ ಮಾಡ್ಯದ. ಹೈದರಾಬಾದಿನಾಗ ವಿಶ್ವವಿದ್ಯಾಲಯ ಕಟ್ಟಿ, ಡಾಕ್ಟರಿಕಿ ಹೊಂಟವರಿಗೂ ಇಂಗ್ಲಿಷ್ ಬ್ಯಾಡ, ನಮ್ಮ ದೇಶದ ಉರ್ದು ಮಾತಿನಾಗೇ ಕಲಿರಿ ಅಂದದ. ಇಂಗ್ರೇಜಿ ಸರ್ಕಾರದವರೂ ಬಾಯಿ ತೆರದು ನೋಡ್ಲಾಕತ್ತಾರ. ನಾ ಇದಕ್ಕ ಮೊದಲು ಶಾಬಾಸ್ ಅಂತೀನಿ.”

ಸಾಹೇಬರು ಗುಗ್ಗರಿ ಅಗಿಯುವುದನ್ನು ನಿಲ್ಲಿಸಿದರು.

“ಪರದೇಶದ ಮಾತಿನಾಗ ಕಲಿಯೋದು ಕಷ್ಟ ಅಂತ ಸರ್ಕಾರಕ್ಕ ಗೊತ್ತದ. ದೊಡ್ಡ ದೊಡ್ಡ ಮಂದಿಗೇ ಕಷ್ಟ. ಹಂಗಾದ್ರ ನಿನ್ನಂಥಾಕಿಗಿ ಎಷ್ಟು ಕಷ್ಟ? ನೀ ಅವ್ವನ್ನ ಯಾವ ಮಾತಿನಾಗ ಕರೀತಿ, ಅದೇ ಮಾತಿನಾಗ ಮೊದಲನೇ ಅಕ್ಷರ ಕಲ್ತ್ರ ಸರ್ಕಾರದ ನೀತಿಗಿ ವಿರೋಧ ಆಗ್ತದ, ಇಲ್ಲಾ ಸರ್ಕಾರದ ನೀತಿನೇ ಆಗ್ತದ? ನೀನೇ ಹೇಳು. ಕನ್ನಡ ಕಲಿಬೇಕೋ ಬ್ಯಾಡೋ?”

ಧಪ್ ಎಂದು ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು. ಅದರ ಹಿಂದೆ ಇನ್ನೊಂದು. ಗಂಡಸರ ಮುಂದೆ ಬಾಯಿ ಬಿಡದ ಹೆಂಗಸರು, ಸೆರಗು ಹಲ್ಲಲ್ಲಿ ಕಚ್ಚಿಕೊಂಡೇ ಗುದ್ದಿನಲ್ಲಿ ಉತ್ತರ ಕೊಡತೊಡಗಿದರು.

“ಸಾಲಿ ಇರಬೇಕೋ ಮುಚ್ಚಬೇಕೋ?”

ಆಮೇಲೆ ಬಿದ್ದ ಗುದ್ದುಗಳ ಸದ್ದು ಹುಮನಾಬಾದಿನಲ್ಲಿ ಕೇಳಿ, ಅಲ್ಲಿಯವರು ಗುಡುಗೆಂದು ಹಪ್ಪಳ ಒಳಗೆ ತೆಗೆದರಂತೆ. ಇಷ್ಟು ಒಮ್ಮತದ ಸಭೆಯನ್ನು ನಾನು ಪತ್ರಿಕೆಗಳಲ್ಲಿ ಕೂಡ ಓದಿಲ್ಲ. ನಾನು ಹಣೆಯನ್ನು ತೊಟ್ಟಿಲ ಅಂಚಿಗೆ ಒತ್ತಿಕೊಂಡು, ಸರ್ಕಾರದ ನೀತಿಯ ಮುಂದಿನ ಅಂಶಕ್ಕೆ ಹೋಗುವಷ್ಟರಲ್ಲಿ ಸಾಹೇಬರು ಎದ್ದು ಬಂದರು. ಹೆಂಗಸರು ಸರಿದರು.

ಚಾಳೀಸನ್ನು ಮೂಗಿನ ತುದಿಗೆ ಇಳಿಸಿ ತೊಟ್ಟಿಲೊಳಗೆ ನೋಡಿದರು.

“ಕೂಸಿಗಿ ಹಲ್ಲು ಬಾಳ ಬಂದಾವ.”

“ನಮ್ಮ ಮನಿತನದಾಗ ಲಗೂನ ಬರತಾವ್ರಿ,” ಎಂದಳು ಭಾಗಮ್ಮ.

“ಹೆಸರು ಏನಿಡ್ಲಾಕತ್ತೀರಿ?”

ಇದನ್ನು ನಾವು ಯೋಚಿಸಿರಲಿಲ್ಲ. ನಾನು ಬಾಯಿ ತೆರೆದೆ. ಆದರೆ ತೊಟ್ಟಿಲಿನಿಂದ ಉತ್ತರ ಬಂತು.

“ಮಲ್ಕಮ್ಮ,” ಎಂದಿತು ಕೂಸು, ಎದ್ದು ನಿಂತು. “ನೀ ಯಾರೋ?”

ಹೆಸರಿಡುವ ಮೊದಲೇ ತನ್ನ ಹೆಸರು ಹೇಳಿದ ಕೂಸು ಹೈದರಾಬಾದ್ ಸಂಸ್ಥಾನದಲ್ಲಿ ಅದೊಂದೇ ಇರಬೇಕು. ಮರದ ಕೆಳಗಿನ ಗಂಡಸರು ಒಬ್ಬೊಬ್ಬರೇ ಎದ್ದು ತೋಟದ ಕಡೆ ನಡೆದರು. ನನ್ನ ಕಾಲುಗಳೂ ಅದೇ ದಿಕ್ಕನ್ನು ನೋಡಿದವು. ನಾನು ತಡೆದೆ.

“ಬುರ್ಹಾನುದ್ದೀನ್,” ಎಂದು ಸಾಹೇಬರು ಮಲ್ಕಿಗೆ ಗಂಭೀರವಾಗಿ ಉತ್ತರ ಕೊಟ್ಟರು. ನಂತರ ನಮ್ಮ ಕಡೆ ತಿರುಗಿದರು.

“ನೋಡ್ರಿ. ನಾ ಮುದುಕ ಆಗೀನಿ, ಅಂಧಾ ಆಗಿಲ್ಲ. ಇದು ಜಲ್ಸಾ. ಅದನ್ನ ಪೊಲೀಸರು ನೋಡ್ಕೊಳ್ಳಲಿ, ನನ್ನ ಖಾತೆ ಅಲ್ಲ. ನನ್ನ ಖಾತೆ ಸಾಲಿ. ಅಪ್ಪಣೆ ಇಲ್ಲದ ಸಾಲಿ ನಡಸಂಗಿಲ್ಲ. ಒಂದು ಮನಿ ಒಳಗ, ಮನಿತನದ ಮಕ್ಕಳಿಗಿ ಮನಿಯವರೇ ಕಲಸಿದ್ರ ಅದಕ್ಕ ಸಾಲಿ ಅನ್ನಂಗಿಲ್ಲ, ಅದಕ್ಕ ಯಾರ ಅಪ್ಪಣೆನೂ ಬ್ಯಾಡ. ಇಲ್ಲಿ ಹಂಗಿಲ್ಲ. ಆ ಶಾರದಾಬಾಯಿ ಈ ಹುಡುಗೂರಿಗಿ ಏನಾಗಬೇಕು? ಏನೂ ಆಗಬೇಕಿಲ್ಲ.”

ಒಳಗಿನ ಬಾಗಿಲಲ್ಲಿ ಸದ್ದಾಯಿತು. ಒಲೆಯ ಕಡೆ ಕೂತಿದ್ದ ಶಾರದಕ್ಕ ಹೊರಗೆ ಬಂದು ನಿಂತಿದ್ದಳು. ಬಿಳಿ ಸೀರೆಯ ಸೆರಗಿಗೆ ಬೂದಿ ಹತ್ತಿತ್ತು. ಅವಳು ಯಾರ ಮುಖವನ್ನೂ ನೋಡದೆ, ಸೀದಾ ತೊಟ್ಟಿಲ ಹತ್ತಿರ ನಡೆದು ಬಂದಳು. ಹೆಂಗಸರು ದಾರಿ ಬಿಟ್ಟರೋ, ಹಿಂದೆ ಸರಿದರೋ ತಿಳಿಯಲಿಲ್ಲ. ತೊಟ್ಟಿಲ ಹಗ್ಗಕ್ಕೆ ಕೈ ಹಾಕುವ ಮುಂಚೆ ಭಾಗಮ್ಮನನ್ನು ಮಾತ್ರ ನೋಡಿದಳು.

ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಯಿತು. ಅಷ್ಟು ಹೊತ್ತು ನನ್ನ ಜೀವಮಾನದಲ್ಲಿ ಇನ್ಯಾವುದೂ ತೆಗೆದುಕೊಂಡಿಲ್ಲ.

“ಹಿಡಿಯವಾ,” ಎಂದಳು ಭಾಗಮ್ಮ. “ಹಗ್ಗ ಗಟ್ಟಿ ಅದ.”

ಅಕ್ಕ ಬಾಗಿದಳು. ಮಲ್ಕಿಯ ಕಿವಿಯಲ್ಲಿ ಕುರ್ರ್ ಎಂದಳು. “ಮಲ್ಕಮ್ಮ,” ಎಂದಳು. ಮಲ್ಕಿ ಕಚಗುಳಿಯಾಗಿ ಕಿರುಚಿ ನಕ್ಕಳು. ಅದೇ ಕ್ಷಣ ಭಾಗಮ್ಮ ಕೈ ಎತ್ತಿ ಅಕ್ಕನ ಬೆನ್ನಿಗೆ ಒಂದು ಕೊಟ್ಟಳು. ನನಗೆ ಬಿದ್ದವೆಲ್ಲ ಸೇರಿದರೂ ಅದರ ಸಮ ಆಗಲಾರವು.

“ಹೆಸರು ನಾ ಹೇಳೀನಿ. ಇವತ್ತಿಂದ ನಾ ಈಕಿ ಸೋದರತ್ತಿ, ಸಾಹೇಬ್ರ,” ಎಂದಳು ಅಕ್ಕ, ನೆಟ್ಟಗೆ ನಿಂತು. “ನಮ್ಮ ಮನಿಯಾಗ ನನ್ನ ಸೊಸಿಗಿ ಅಕ್ಷರ ಕಲಸ್ತೀನಿ.”

ನಮ್ಮಲ್ಲಿ ಅಣ್ಣತಮ್ಮಂದಿರ ಮಗಳೂ ಸೊಸೆಯೇ. ಇದೇ ಉಪಾಯ ನನ್ನ ತಲೆಯಲ್ಲೂ ಇತ್ತು, ಪೂರ್ತಿ ಸಿದ್ಧವಾಗಿತ್ತು. ಅವಳು ಒಂದು ಉಸಿರು ಮುಂಚೆ ಬಾಯಿ ತೆರೆದಳು, ಅಷ್ಟೇ.

“ಒಂದು ಹುಡುಗಿಗಿ,” ಎಂದರು ಸಾಹೇಬರು. “ಉಳದವರಿಗಿ?”

ಕಿಟಕಿಯ ಹತ್ತಿರದಿಂದ ಬುರ್ಖಾದ ಹೆಂಗಸೊಬ್ಬಳು ತನ್ನ ಮಗಳ ಕೈ ಹಿಡಿದು ಮುಂದೆ ಬಂದಳು. ಸಂತೆಯಲ್ಲಿ ಬಳೆ ಮಾರುವ ಅಕ್ಬರಿ ಬೇಗಂ. ಮಗಳಿಗೆ ಎಂಟೊಂಬತ್ತು ವರ್ಷ.

“ಇದಕೂ ಹಾಕ್ರಿ ಬಾಯಾರೆ, ತೊಟ್ಟಲದಾಗ.”

ಸಾಹೇಬರು ಬೆರಗಾದರು. “ಆಪ್ ಭೀ? ನಿಮ್ಮ ಹುಡುಗಿಗಿ ಸರ್ಕಾರಿ ಉರ್ದು ಸಾಲಿ ಅದಲ್ಲ?”

“ಉರ್ದು ನಾನೇ ಮನ್ಯಾಗ ಕಲಸ್ತೀನಿ, ಸಾಹೇಬ್,” ಎಂದಳು ಅಕ್ಬರಿ ಬೇಗಂ. “ಸಂತಿದಾಗ ಬಳಿ ತಗೊಳ್ಳಾಕ ಬರೋರೆಲ್ಲ ಕನ್ನಡದಾಗ ಜಗಳಾಡ್ತಾರ. ತಿರುಗಿ ಜಗಳಾಡ್ಲಾಕರೆ ಬರಬೇಕಲ್ಲ ಹುಡುಗಿಗಿ.”

ಮರದ ಕೆಳಗೆ ಉಳಿದಿದ್ದ ನಾಲ್ಕು ಗಂಡಸರೂ ನಕ್ಕರು. ಆ ಹುಡುಗಿ ನಾಚಿಕೊಂಡು ತೊಟ್ಟಿಲಲ್ಲಿ ಮಲಗಿದಳು. ಕಾಲುಗಳು ಹೊರಗೆ ಚಾಚಿ ಸಾಹೇಬರ ಶೇರವಾನಿಗೆ ತಾಗಿದವು. ಅಕ್ಕ ಬಾಗಿ ಕಿವಿಯಲ್ಲಿ ಊದಿದಳು, ಅಕ್ಬರಿ ಬೇಗಂ ಬುರ್ಖಾದ ತೋಳು ಮೇಲೆತ್ತಿ ಗುದ್ದಿದಳು. ಡಜನ್ ಬಳೆ ಒಟ್ಟಿಗೆ ಸದ್ದು ಮಾಡಿದವು.

ಅಲ್ಲಿಂದ ತಡೆಯುವವರೇ ಇಲ್ಲ. ತಾಯಂದಿರು ಹೆಣ್ಣುಮಕ್ಕಳನ್ನು ಎಳೆದುಕೊಂಡು ಸಾಲು ಹಿಡಿದರು. ಶಾಲೆಗೆ ಬರುವವರೂ ಬಂದರು, ಇವತ್ತಿನವರೆಗೆ ಶಾಲೆಯ ಹೊಸ್ತಿಲು ತುಳಿಯದವರೂ ಬಂದರು. ಕುರಿ ಕಾಯುವ ದುಂಡಮ್ಮ ತನ್ನ ಮೂರು ಹೆಣ್ಣುಮಕ್ಕಳನ್ನು ಒಂದೇ ಸಲ ತೊಟ್ಟಿಲಿಗೆ ತುಂಬಿದಳು, ತೊಲೆ ಕಿರ್ ಎಂದಿತು. ಒಬ್ಬಳು ದೊಡ್ಡ ಹುಡುಗಿ ಮಲಗಲು ಒಪ್ಪದೆ, ಒಂದು ಕಾಲು ಮಾತ್ರ ತೊಟ್ಟಿಲಲ್ಲಿಟ್ಟು ಕಿವಿ ಕೊಟ್ಟಳು. ಜೋಗುಳ ಶುರುವಾಯಿತು. ಇದ್ದ ಗುಗ್ಗರಿ ಮುಗಿದು, ಭಾಗಮ್ಮ ಬಾಳೆಗೊನೆ ಕಡಿಸಿ ತರಿಸಿದಳು. ನಾನು ಈ ನಡುವೆ ಸರ್ಕಾರದ ನೀತಿಯ ಉಳಿದ ಅಂಶಗಳನ್ನು ಜೋರಾಗಿ ಹೇಳಿದೆ. ಯಾರೂ ಕೇಳಲಿಲ್ಲ. ಅಷ್ಟು ಯಶಸ್ವಿಯಾದ ಭಾಷಣ ನನ್ನದು ಬೇರೆ ಇಲ್ಲ.

ಸಾಹೇಬರು ಕುರ್ಚಿಗೆ ಮರಳಿ, ಬಾಳೆಹಣ್ಣು ಸುಲಿಯುತ್ತ ನೋಡುತ್ತಿದ್ದರು. ಮಲ್ಕಿ ಅವರ ತೊಡೆಯ ಮೇಲೆ ಹತ್ತಿ ಅರ್ಧ ಹಣ್ಣು ಕಿತ್ತುಕೊಂಡಳು. ಕೊನೆಯ ಹುಡುಗಿ ಇಳಿದ ಮೇಲೆ ಎದ್ದರು. ಅಕ್ಕನ ಎದುರು ಬಂದು ನಿಂತರು. ಅವಳ ಸೆರಗು ಜಾರಿತ್ತು, ಮುಖ ಕೆಂಪಾಗಿತ್ತು, ಉಸಿರು ಹತ್ತಿತ್ತು. ಆದರೆ ಬೆನ್ನು ಬಾಗಿಸದೆ ನಿಂತಿದ್ದಳು.

“ಬೀಗ ತಂದಿದ್ದೆ, ಬಾಯಾರೆ,” ಎಂದರು. “ಸಾಲಿಗಿ ಹಾಕ್ಲಾಕ. ಇಲ್ಲಿ ಸಾಲಿ ಕಾಣಸಲಿಲ್ಲ. ಒಬ್ಬ ಅತ್ತಿ ಕಾಣಸಿದ್ಳು, ಮನಿ ತುಂಬ ಸೊಸೆಂದಿರು ಕಾಣಸಿದ್ರು. ಕೇಳಿದವರಿಗಿ ಅದನ್ನೇ ಹೇಳ್ತೀನಿ.” ಎರಡು ಹೆಜ್ಜೆ ಹೋಗಿ ತಿರುಗಿದರು. “ಆದ್ರ ಅರ್ಜಿ ಬಿಡಬ್ಯಾಡ್ರಿ. ನನ್ನ ಬದಲಿ ಬ್ಯಾರೆಯವರು ಬರಬಹುದು. ಅವರಿಗಿ ಅಕ್ಕತಂಗೇರು ಇಲ್ಲದಿದ್ರ ಕಷ್ಟ.”

ಟಾಂಗಾ ಕಲಬುರ್ಗಿ ದಾರಿ ಹಿಡಿದ ಮೇಲೆ ಊರಿಗೆ ಊರೇ ಕೂಗಿದ ಕೂಗಿಗೆ ತೋಟದ ಬಾಳೆಗೊನೆಗಳು ಒಂದೇ ಸಲಕ್ಕೆ ಹಣ್ಣಾದವು. ಬೇಕಾದವರು ಭಾಗಮ್ಮನನ್ನು ಕೇಳಬಹುದು.

ಮರುದಿನ ಬೆಳಗ್ಗೆ ನಾನು ಪಡಸಾಲೆಯ ಮೂಲೆಯಲ್ಲಿ ಬೋರಲಾಗಿ ಮಲಗಿದ್ದೆ. ಬೆನ್ನಿಗೆ ಭಾಗಮ್ಮ ಹರಳೆಣ್ಣೆ ಹಚ್ಚಿಸಿದ್ದಳು. ಶಾರದಕ್ಕ ಗೋಡೆಗೆ ಒರಗಲಾರದೆ ನಡುಮನೆಯಲ್ಲಿ ನೆಟ್ಟಗೆ ಕೂತಿದ್ದಳು. ಹುಡುಗಿಯರು ಬಂದರು, ಹಿಂದಿಗಿಂತ ಎಷ್ಟೋ ಹೆಚ್ಚು ಮಂದಿ, ಪಾಟಿಯಿಲ್ಲದವರು ಮನೆಯ ಹೆಂಚಿನ ಚೂರು ತಂದಿದ್ದರು.

“ಬಾಯಾರೆ, ಎಲ್ಲಿ ಕುಂಡ್ರಲಿ?” ಎಂದು ದುಂಡಮ್ಮನ ಹಿರಿಯ ಮಗಳು ಕೇಳಿದಳು.

“ಬಾಯಾರೆ ಅನಬ್ಯಾಡ ಹುಡುಗಿ,” ಎಂದು ಭಾಗಮ್ಮ ಅಡಿಗೆ ಮನೆಯಿಂದಲೇ ಗದರಿಸಿದಳು. “ಅತ್ತಿ ಅನ್ನು. ಮೈಯಾಗಿನ ಎಲುವು ಮುರಿಸ್ಕೊಂಡು ಅತ್ತಿ ಆಗ್ಯಾಳ.”

“ಅತ್ತಿ, ಎಲ್ಲಿ ಕುಂಡ್ರಲಿ?”

ಅಕ್ಕ ತನ್ನ ಪಕ್ಕದ ಚಾಪೆಯನ್ನು ಕೈಯಿಂದ ತಟ್ಟಿ ತೋರಿಸಿದಳು. ಹುಡುಗಿ ಹೆಂಚಿನ ಚೂರನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಕೂತಳು.